ಹುಲ್ಲು ಆಮೇಲೆ, ಮೊದಲು ನೆಲಕ್ಕೊಂದು ಮಳೆಗಾಲ

ಓದುಗರ ಪ್ರಶ್ನೆ – ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮನೆಯ ಜಾಗದಲ್ಲಿ ಆಟಕ್ಕೆ ಟರ್ಫ್, ಅಂದರೆ ಕೃತಕ ಹುಲ್ಲು, ಹಾಕಿಸುವ ವಿಷಯವೇ ಜಾಸ್ತಿ. ಹಾಗಾಗಿ ಗೋಡೆ, ಮಾಡು, ಸೋರುವ ತಾರಸಿಯ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟಿದ್ದೇನೆ.

ಪ್ರಶ್ನೆ: ನಮಸ್ಕಾರ ಅಕ್ಕ. ನಮ್ಮ ಮನೆ ಪೆರ್ಲದ ಹತ್ತಿರ, ಮನೆಯ ಹಿಂದೆ ಗುಡ್ಡ. ಈ ಡಿಸೆಂಬರಿನಲ್ಲಿ ಜೆಸಿಬಿ ತರಿಸಿ ಗುಡ್ಡದ ಬುಡ ಕಡಿದೆವು. ಆ ಮಣ್ಣನ್ನೇ ಮನೆಯ ಕಡೆಗೆ ತಳ್ಳಿ 20 ಮೀಟರ್ ಉದ್ದ, 12 ಮೀಟರ್ ಅಗಲದ ಸಮತಟ್ಟು ಜಾಗ ಮಾಡಿದ್ದೇವೆ. ಮೊದಲು ಅಲ್ಲಿ ನಾಲ್ಕು ತೆಂಗಿನ ಮರ, ಒಂದು ಗೊಬ್ಬರದ ಗುಂಡಿ ಇತ್ತು. ಮಗಳು ಶಟಲ್ ಆಡುತ್ತಾಳೆ. ಅಣ್ಣನ ಮಕ್ಕಳಿಗೆ ಫುಟ್‌ಬಾಲ್ ಎಂದರೆ ಪ್ರಾಣ. ಸಂಜೆ ನೆರೆಯವರು ಸೇರಿದರೆ ವಾಲಿಬಾಲ್ ಕೂಡ ಆಗಬೇಕು. ಟರ್ಫ್ ಹಾಕುವವರು ಬಂದು ನೋಡಿ, ‘ನಾಲ್ಕು ಇಂಚು ಕ್ರಷರ್ ಪುಡಿ ಹಾಕಿ ರೋಲರ್ ಬಿಟ್ಟರೆ ಸಾಕು, ಏಪ್ರಿಲ್ ಮಧ್ಯದ ಬಿಸು ಹಬ್ಬಕ್ಕೆ ಮೊದಲು 50 ಮಿಲಿಮೀಟರಿನ ಹುಲ್ಲು ಹಾಸಿ ಕೊಡುತ್ತೇವೆ’ ಎಂದಿದ್ದಾರೆ. ಮುಂಗಡ ಕೊಡಬಹುದಾ?
– ಪೆರ್ಲದ ಓದುಗರು

ಉತ್ತರ: ಬೇಡ ಅಣ್ಣ, ಈಗ ಕೊಡಬೇಡಿ. ಈ ಬಿಸುವಿಗೆ ಆಟ ಶುರುವಾಗದಿದ್ದರೆ ಮಕ್ಕಳಿಗೆ ಬೇಸರವಾಗುತ್ತದೆ, ನನಗೆ ಗೊತ್ತು. ಆದರೂ ನಿಮ್ಮ ಜಾಗಕ್ಕೆ ಒಂದು ಮಳೆಗಾಲ ಕಳೆಯಲೇಬೇಕು.

ಯಾಕೆ ಎಂದು ಹೇಳುತ್ತೇನೆ. ನಿಮ್ಮ ತಟ್ಟು ಎರಡು ಬಗೆಯ ನೆಲ ಸೇರಿ ಆದದ್ದು. ಗುಡ್ಡದ ಕಡೆಯ ಅರ್ಧ ಕಡಿದ ನೆಲ. ಅಲ್ಲಿ ಗಟ್ಟಿ ಮುರಕಲ್ಲು (ಜಂಬಿಟ್ಟಿಗೆ) ಇದ್ದರೆ ಅದು ಅಲುಗುವುದಿಲ್ಲ. ಮನೆಯ ಕಡೆಯ ಅರ್ಧ ಜೆಸಿಬಿ ತಳ್ಳಿದ ಸಡಿಲ ಮಣ್ಣು. ನಮ್ಮ ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬರುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಷ್ಟು ನೀರು ಕುಡಿದ ಸಡಿಲ ಮಣ್ಣು ಕೆಳಗೆ ಕೂರುತ್ತದೆ, ಅದೂ ಒಂದೊಂದು ಕಡೆ ಒಂದೊಂದು ಅಳತೆಯಲ್ಲಿ. ಕಡಿದ ನೆಲ ಮತ್ತು ತುಂಬಿದ ನೆಲ ಸೇರುವ ಗೆರೆಯಲ್ಲಿ ಮೆಟ್ಟಿಲಿನಂತೆ ತಗ್ಗು ಬೀಳುತ್ತದೆ. ಆ ಗೆರೆ ನಿಮ್ಮ ಆಟದ ಜಾಗದ ನಟ್ಟನಡುವೆ ಬರುತ್ತದೆ, ಅಲ್ವಾ? ಓಡುವ ಮಕ್ಕಳ ಪಾದ ಉಳುಕುವುದು ಅಲ್ಲೇ. ಮೇಲೆ ಹಾಸಿದ ಹುಲ್ಲು ಅದನ್ನು ಮುಚ್ಚುವುದಿಲ್ಲ. ಆಮೇಲೆ ಸರಿಮಾಡಲು ಮರಳು ತೆಗೆದು, ಜೋಡಣೆ ಬಿಚ್ಚಿ, ಹುಲ್ಲು ಎತ್ತಿ, ಮತ್ತೆ ಅಂಟಿಸಬೇಕು. ಅಂಥ ಕೆಲಸ ಮಾಡಿಸಿಕೊಂಡವರ ಖರ್ಚು ನೋಡಿದ್ದೇನೆ. ಹೊಸದಾಗಿ ಹಾಕಿದಷ್ಟೇ ಬರುತ್ತದೆ.

ಈಗ ನೆಲದೊಳಗೆ ಏನಿದೆ ನೋಡೋಣ. ನಾಲ್ಕು ತೆಂಗಿನ ಮರದ ಬುಡ ತೆಗೆಸಿದ್ದೀರಾ, ಅಥವಾ ಮರ ಕಡಿದು ಅದರ ಮೇಲೆಯೇ ಮಣ್ಣು ತಳ್ಳಿದ್ದಾರಾ? ಜೆಸಿಬಿಯವರನ್ನು ಕೇಳಿ ತಿಳಿಯಿರಿ. ಬುಡ ಒಳಗೇ ಉಳಿದರೆ ಕೆಲವು ವರ್ಷಗಳಲ್ಲಿ ಕೊಳೆತು ಟೊಳ್ಳಾಗುತ್ತದೆ. ಗೆದ್ದಲೂ ಅಲ್ಲೇ ಸೇರಿಕೊಳ್ಳುತ್ತದೆ. ಗೊಬ್ಬರದ ಗುಂಡಿ ಇದಕ್ಕಿಂತ ಕಷ್ಟ. ಸೆಗಣಿ, ಸೊಪ್ಪು ಸೇರಿದ ಕಪ್ಪು ಮಣ್ಣನ್ನು ಎಷ್ಟು ರೋಲರ್ ಬಿಟ್ಟರೂ ಗಟ್ಟಿ ಮಾಡಲು ಆಗುವುದಿಲ್ಲ. ಕೆಂಪು ಮಣ್ಣು ಕಾಣುವವರೆಗೆ ಅದನ್ನು ತೋಡಿ ತೆಗೆಯಿರಿ. ಆ ಮಣ್ಣು ಅಡಿಕೆ ಬುಡಕ್ಕೆ ಬಂಗಾರ, ಬಿಸಾಡಬೇಡಿ.

ಇನ್ನೊಂದು ವಿಷಯ ನಮ್ಮ ಕಡೆಯವರೆಲ್ಲ ತಿಳಿದಿರಬೇಕು. ಮುರಕಲ್ಲಿನ ಕೆಳಗೆ ಹಲವು ಕಡೆ ಶೇಡಿ ಮಣ್ಣು ಇರುತ್ತದೆ. ಬಿಳಿ ಅಥವಾ ನಸುಗೆಂಪು ಬಣ್ಣ, ಬೆರಳಲ್ಲಿ ಉಜ್ಜಿದರೆ ನುಣುಪು. ಒಣಗಿದಾಗ ಕಲ್ಲಿನಷ್ಟು ಗಟ್ಟಿ ಎನಿಸುತ್ತದೆ. ನೀರು ತಾಗಿದರೆ ಬಲ ಕಳೆದುಕೊಂಡು ಕರಗಿ ಹರಿಯುತ್ತದೆ. ಗುಡ್ಡ ಕಡಿದ ಗೋಡೆಯಲ್ಲಿ ಕೆಳಭಾಗಕ್ಕೆ ಈ ಮಣ್ಣು ಕಾಣುತ್ತಿದೆಯಾ ಎಂದು ಇವತ್ತೇ ಹೋಗಿ ನೋಡಿ. ಕಾಣುತ್ತಿದ್ದರೆ ಟರ್ಫ್ ವಿಷಯ ಬದಿಗಿಟ್ಟು, ಆ ಗೋಡೆಯನ್ನು ಮೊದಲು ಒಬ್ಬ ಎಂಜಿನಿಯರಿಗೆ ತೋರಿಸಿ. ಮಳೆಗಾಲದಲ್ಲಿ ಅದು ಜರಿದರೆ ಕೆಳಗಿರುವುದು ನಿಮ್ಮ ಮನೆ. ಆ ಮಣ್ಣನ್ನು ತುಂಬಿಸಲು ಬಳಸಿದ್ದರೆ ಅದನ್ನೂ ತೆಗೆಸಬೇಕು.

ತಳ್ಳಿದ ಮಣ್ಣನ್ನು ಪುನಃ ತುಂಬಿಸಬೇಕಾಗುತ್ತದೆ. ಇದು ಕೇಳಲು ಕಹಿ, ಆದರೆ ಬೇರೆ ದಾರಿ ಇಲ್ಲ. ಮಣ್ಣನ್ನು ಹಿಂದಕ್ಕೆ ಎಳೆದು, ಕೆಳಗಿನ ಇಳಿಜಾರು ನೆಲವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿಸಿ. ಆಗ ಹೊಸ ಮಣ್ಣು ಜಾರುವುದಿಲ್ಲ. ಆಮೇಲೆ 15ರಿಂದ 20 ಸೆಂಟಿಮೀಟರಿನ ಒಂದೊಂದೇ ಪದರ ಹಾಕಿ, ನೀರು ಚಿಮುಕಿಸಿ, ರೋಲರಿನಲ್ಲಿ ಗಟ್ಟಿ ಮಾಡಿ ಮುಂದಿನ ಪದರಕ್ಕೆ ಹೋಗಬೇಕು. ಹಸಿ ಎಷ್ಟಿರಬೇಕು ಎನ್ನಲು ಸುಲಭದ ಪರೀಕ್ಷೆ ಇದೆ. ಒಂದು ಹಿಡಿ ಮಣ್ಣು ಮುಷ್ಟಿಯಲ್ಲಿ ಒತ್ತಿ ಬಿಡಿ. ಉಂಡೆ ನಿಲ್ಲಬೇಕು, ಅಂಗೈಗೆ ಕೆಸರು ಅಂಟಬಾರದು, ಮುರಿದರೆ ಎರಡು ತುಂಡಾಗಬೇಕು. ಪುಡಿ ಪುಡಿಯಾದರೆ ನೀರು ಸಾಲದು. ಮನೆಯ ಕಡೆಯ ಅಂಚಿಗೆ ಮುರಕಲ್ಲಿನ ತಡೆಗೋಡೆ ಬೇಕು. ಅದರ ಹಿಂದೆ ಜಲ್ಲಿ, ನಡುನಡುವೆ ನೀರು ಹೊರಗೆ ಹೋಗಲು ಪೈಪಿನ ತುಂಡು. ಗೋಡೆ ಎದೆಮಟ್ಟಕ್ಕಿಂತ ಎತ್ತರ ಆಗುವುದಾದರೆ ಮೇಸ್ತ್ರಿಯ ಅಂದಾಜಿಗೆ ಬಿಡಬೇಡಿ, ಎಂಜಿನಿಯರಿಂದ ಲೆಕ್ಕ ಹಾಕಿಸಿ.

ಇನ್ನು ನೀರು. ನಿಮ್ಮ ಜಾಗ 240 ಚದರ ಮೀಟರ್. ದಿನಕ್ಕೆ 100 ಮಿಲಿಮೀಟರ್ ಮಳೆ ಬಿದ್ದರೆ ಆ ಜಾಗದ ಮೇಲೆ ಮಾತ್ರ 24,000 ಲೀಟರ್ ನೀರು. ಗುಡ್ಡದಿಂದ ಇಳಿದು ಬರುವುದು ಬೇರೆ. ಅದಕ್ಕಾಗಿ ಗುಡ್ಡದ ಮೇಲ್ಭಾಗದಲ್ಲಿ, ಕಡಿದ ಅಂಚಿಗಿಂತ ಸ್ವಲ್ಪ ಹಿಂದೆ, ಅಡ್ಡಕ್ಕೆ ಒಂದು ಕಣಿ ತೆಗೆದು ಮೇಲಿನ ನೀರನ್ನು ಅಲ್ಲೇ ತಿರುಗಿಸಿ. ಆಟದ ಜಾಗಕ್ಕೆ ನೂರಕ್ಕೆ ಒಂದರಂತೆ ಇಳಿಜಾರು ಕೊಡಿ. 12 ಮೀಟರಿಗೆ 12 ಸೆಂಟಿಮೀಟರ್. ಆಟಕ್ಕೆ ಅದು ಗೊತ್ತೂ ಆಗುವುದಿಲ್ಲ.

ಇಳಿಜಾರು ಯಾವ ಕಡೆಗೆ ಎನ್ನುವುದರಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಸಾಮಾನ್ಯವಾಗಿ ನೀರು ಹೊರಗೆ ಹೋಗಲಿ ಎಂದು ಹೊರ ಅಂಚಿಗೆ ಇಳಿಜಾರು ಕೊಡುತ್ತಾರೆ. ನಿಮ್ಮಲ್ಲಿ ಹಾಗೆ ಮಾಡಿದರೆ ನೀರೆಲ್ಲ ತುಂಬಿದ ಮಣ್ಣಿಗೆ, ಅಲ್ಲಿಂದ ತಡೆಗೋಡೆಯ ಬೆನ್ನಿಗೆ, ಅಲ್ಲಿಂದ ಮನೆಗೆ. ಇಳಿಜಾರನ್ನು ಒಳಗೆ, ಗುಡ್ಡದ ಕಡೆಗೆ ಕೊಡಿ. ಜಾಸ್ತಿ ಮಳೆಯ ಗುಡ್ಡಗಳಲ್ಲಿ ಬೆಳೆಗೆ ತಟ್ಟು ಮಾಡುವಾಗಲೂ ಇದೇ ಕ್ರಮ. ಗುಡ್ಡದ ಬುಡದಲ್ಲಿ ಸಿಮೆಂಟ್ ಹಾಕಿದ ಚರಂಡಿ, ಅದರ ಪಕ್ಕಕ್ಕೆ ಜಲ್ಲಿಯೊಳಗೆ ತೂತಿನ ಪೈಪು ಇರಲಿ. ಎರಡೂ ಉದ್ದಕ್ಕೆ ಹರಿದು ಮನೆಯನ್ನು ಬಳಸಿ ತೋಡಿಗೋ ಇಂಗುಗುಂಡಿಗೋ ಸೇರಲಿ. ಇಂಗುಗುಂಡಿಯನ್ನು ತುಂಬಿದ ಮಣ್ಣಿನಲ್ಲಿ ಮಾತ್ರ ತೋಡಬೇಡಿ. ನಿಮ್ಮ ಕಡೆ ಕುಡಿಯುವ ನೀರಿಗಾಗಿ ಗುಡ್ಡದೊಳಗೆ ಅಡ್ಡಕ್ಕೆ ಕೊರೆದ ಸುರಂಗಗಳು ಜಾಸ್ತಿ. ನಿಮ್ಮದೋ ನೆರೆಯವರದ್ದೋ ಸುರಂಗ ಆ ಗುಡ್ಡದೊಳಗೆ ಹೋಗಿದೆಯಾ ಎಂದು ಹಿರಿಯರನ್ನು ಕೇಳದೆ ಮೇಲೆ ರೋಲರ್ ತರಬೇಡಿ.

ಇಷ್ಟು ಕೆಲಸ ಮೇ ಕೊನೆಗೆ ಬರುವ ಪತ್ತನಾಜೆಯ ಒಳಗೆ ಮುಗಿಯಲಿ. ಆಮೇಲೆ ಸುಮ್ನೆ ಬಿಡಿ, ಆದರೆ ನೋಡುತ್ತಾ ಇರಿ. ಅಲ್ಲಲ್ಲಿ ಮಣ್ಣಿನ ಮೇಲೆ ಚಪ್ಪಟೆ ಕಲ್ಲಿಟ್ಟು, ಗಟ್ಟಿ ಮುರಕಲ್ಲಿನ ಮೇಲೆ ಹಾಕಿದ ಒಂದು ಗುರುತಿನಿಂದ ನೀರಿನ ಟ್ಯೂಬ್ ಹಿಡಿದು ಮಟ್ಟ ಬರೆದಿಡಿ. ಆಟಿ ತಿಂಗಳು (ಜುಲೈ-ಆಗಸ್ಟ್) ಕಳೆದ ಮೇಲೆ ಮತ್ತೆ ಅಳೆಯಿರಿ. ಎಲ್ಲಿ ಎಷ್ಟು ಕೂತಿದೆ ಎಂದು ಅದೇ ಹೇಳುತ್ತದೆ. ತಡೆಗೋಡೆಯ ಪೈಪುಗಳಲ್ಲಿ ತಿಳಿ ನೀರು ಬಂದರೆ ಒಳ್ಳೆಯದು. ಕೆಸರು ನೀರು ಬಂದರೆ ಒಳಗಿನ ಮಣ್ಣು ಕೊಚ್ಚಿ ಹೋಗುತ್ತಿದೆ ಎಂದರ್ಥ. ಅಂಚಿಗೆ ಸಮನಾಗಿ ಉದ್ದದ ಬಿರುಕು ಕಂಡರೆ ತಡ ಮಾಡದೆ ಎಂಜಿನಿಯರನ್ನು ಕರೆಸಿ.

ಮಳೆ ನಿಂತು ನೆಲ ಆರಿದ ಮೇಲೆ, ನವೆಂಬರಿನಲ್ಲಿ, ಜಲ್ಲಿಯ ಕೆಲಸ. ತಗ್ಗು ತುಂಬಿಸಿ, ಲೋಡಿನ ಟ್ರ್ಯಾಕ್ಟರ್ ಒಮ್ಮೆ ನಿಧಾನಕ್ಕೆ ಓಡಿಸಿ. ಗೋಡೆಯ ಹತ್ತಿರ ಮಾತ್ರ ಬೇಡ. ಚಕ್ರದ ಅಡಿ ನೆಲ ಅಮರಿದ ಕಡೆ ತೋಡಿ ಪುನಃ ಗಟ್ಟಿ ಮಾಡಿ. ನೆಟ್ ಕಂಬದ ಗುಂಡಿ, ಲೈಟಿನ ವಯರಿಗೆ ಪೈಪು, ಸುತ್ತಲಿನ ಅಂಚುಗಲ್ಲು ಎಲ್ಲ ಜಲ್ಲಿ ಬೀಳುವ ಮೊದಲೇ ಆಗಬೇಕು. ಆಮೇಲೆ ಜಿಯೋಟೆಕ್ಸ್‌ಟೈಲ್ ಬಟ್ಟೆ. ಕೆಳಗಿನ ಕೆಸರು ಜಲ್ಲಿಯೊಳಗೆ ಏರದಂತೆ ತಡೆಯುವುದು ಅದರ ಕೆಲಸ, ನೀರನ್ನು ಅದು ಬಿಡುತ್ತದೆ. ಅದರ ಬದಲಿಗೆ ಟಾರ್ಪಾಲು ಹಾಸುವವರಿದ್ದಾರೆ, ಒಪ್ಪಬೇಡಿ. ನೀರು ಅಲ್ಲೇ ನಿಲ್ಲುತ್ತದೆ.

ಜಲ್ಲಿ ಒಟ್ಟು 15 ಸೆಂಟಿಮೀಟರ್ ಇರಲಿ. ಕೆಳಗೆ 10 ಸೆಂಟಿಮೀಟರ್ 40 ಮತ್ತು 20 ಮಿಲಿಮೀಟರಿನ ಜಲ್ಲಿ ಬೆರೆಸಿ. ಮೇಲೆ 6ರಿಂದ 10 ಮಿಲಿಮೀಟರಿನ ಬೇಬಿ ಜಲ್ಲಿ. ನಿಮ್ಮ ಅಳತೆಗೆ ಗಟ್ಟಿಯಾದ ಮೇಲೆ 36 ಘನ ಮೀಟರ್ ಬೇಕು. ರೋಲರಿನಲ್ಲಿ ಕುಗ್ಗುವುದನ್ನು ಸೇರಿಸಿ 45, ಅಂದರೆ ಲೋಡಿನವರ ಲೆಕ್ಕದಲ್ಲಿ ಸುಮಾರು 1,600 ಘನ ಅಡಿ ತರಿಸಿ. ಬರೀ ಕ್ರಷರ್ ಪುಡಿ ನಾಲ್ಕು ಇಂಚು ಹಾಕುವುದು ನನಗೆ ಒಪ್ಪಿಗೆ ಇಲ್ಲ. ಹಾಕಿದ ದಿನ ನುಣುಪಾಗಿ ಚಂದ ಕಾಣುತ್ತದೆ, ನಮ್ಮ ಮಳೆಗೆ ಅದರ ಸಣ್ಣ ಪುಡಿ ಕಟ್ಟಿಕೊಂಡು ನೀರು ಇಳಿಯುವುದೇ ನಿಲ್ಲುತ್ತದೆ. ಮೇಲ್ಮೈ ಸರಿಮಾಡಲು ತೆಳ್ಳಗೆ ಬೇಕಾದಷ್ಟು ಮಾತ್ರ ಉದುರಿಸಿ. ಕೊನೆಗೆ 3 ಮೀಟರ್ ಉದ್ದದ ನೇರ ಅಲ್ಯೂಮಿನಿಯಂ ಪಟ್ಟಿ ಎಲ್ಲ ದಿಕ್ಕಿಗೂ ಇಟ್ಟು ನೋಡಿ. ಅದರ ಅಡಿಯಲ್ಲಿ ಎಲ್ಲೂ 10 ಮಿಲಿಮೀಟರಿಗಿಂತ ದೊಡ್ಡ ಸಂದು ಇರಬಾರದು. ಈ ಪರೀಕ್ಷೆ ನಿಮ್ಮ ಎದುರಿಗೇ ಆಗಲಿ, ಆದ ಮೇಲೆಯೇ ಹುಲ್ಲಿನವರನ್ನು ಕರೆಯಿರಿ.

ಹುಲ್ಲಿನ ಬಗ್ಗೆ ಕಡಿಮೆ ಮಾತು ಸಾಕು. 50 ಮಿಲಿಮೀಟರಿನದು ಫುಟ್‌ಬಾಲ್ ಹುಲ್ಲು. ಅದರಲ್ಲಿ ಶಟಲ್ ಆಡಿದರೆ ಪಾದ ಸಿಕ್ಕಿಕೊಂಡು ಮಂಡಿ ತಿರುಚುತ್ತದೆ. ನಿಮ್ಮ ಮನೆಯ ಬಳಕೆಗೆ 15ರಿಂದ 20 ಮಿಲಿಮೀಟರಿನ, ಮರಳು ತುಂಬುವ ಹುಲ್ಲು ಸರಿ. ಕಪ್ಪು ರಬ್ಬರ್ ಹರಳು ಬೇಡ. ಮಳೆ ನೀರಿನ ಜೊತೆ ಅದು ತೋಡು ಸೇರುತ್ತದೆ. ಯುರೋಪಿನಲ್ಲಿ 2023ರಲ್ಲಿ ತಂದ ನಿಯಮದಂತೆ 2031ರಿಂದ ಅಂಥ ಹರಳಿನ ಮಾರಾಟವೇ ಇರುವುದಿಲ್ಲ. ಜೊತೆಗೆ ಬಿಸಿಲಿಗೆ ಟರ್ಫ್ ವಿಪರೀತ ಕಾಯುತ್ತದೆ, ಮೇಲ್ಮೈ 60 ಡಿಗ್ರಿ ದಾಟುವುದೂ ಇದೆ. ಮಾರ್ಚಿ-ಏಪ್ರಿಲಿನಲ್ಲಿ ಮಧ್ಯಾಹ್ನ ಮಕ್ಕಳನ್ನು ಬರಿಗಾಲಲ್ಲಿ ಬಿಡಬೇಡಿ.

ಆಟದ ಅಳತೆ ಹೇಳಿ ಮುಗಿಸುತ್ತೇನೆ. ಶಟಲ್ ಕೋರ್ಟ್ 13.40 ಮೀಟರ್ ಉದ್ದ, 6.10 ಮೀಟರ್ ಅಗಲ. ನಿಮ್ಮಲ್ಲಿ ಧಾರಾಳವಾಗಿ ಕೂರುತ್ತದೆ. ವಾಲಿಬಾಲ್ 18 ಮೀಟರಿಗೆ 9 ಮೀಟರ್, ಸುತ್ತ 3 ಮೀಟರ್ ಖಾಲಿ ಜಾಗ ಬೇರೆ ಬೇಕು. ನಿಮ್ಮಲ್ಲಿ ಉದ್ದಕ್ಕೆ ಒಂದೊಂದೇ ಮೀಟರ್ ಉಳಿಯುತ್ತದೆ. ಹಿಂದಕ್ಕೆ ಓಡಿ ಚೆಂಡು ಎತ್ತುವವರು ಗೋಡೆಗೆ ಬಡಿಯುತ್ತಾರೆ. ಗೆರೆಯನ್ನೇ ಚಿಕ್ಕದು ಮಾಡಿ ಎಳೆಸಿ, ತಡೆಗೋಡೆಯ ಅಂಚಿಗೆ ಗಟ್ಟಿ ಬಲೆ ಕಟ್ಟಿಸದೆ ಯಾರನ್ನೂ ಆಡಲು ಬಿಡಬೇಡಿ.

ಪ್ರಶ್ನೆ: ಅಕ್ಕ, ನಮ್ಮ ಸಿಮೆಂಟ್ ಅಂಗಳ 15 ಮೀಟರಿಗೆ 9 ಮೀಟರ್. ಅಡಿಕೆ ಒಣಗಿಸುವುದು ಅಲ್ಲೇ. ಅದರ ಮೇಲೆ ಟರ್ಫ್ ಹಾಸಿದರೆ ಅಡಿಕೆಯನ್ನು ಅದರ ಮೇಲೆಯೇ ಹರಗಬಹುದು, ಇಲ್ಲದಿದ್ದರೆ ಆ ಸಮಯಕ್ಕೆ ಸುತ್ತಿಡಬಹುದು ಎಂದು ಮಗ ಹೇಳುತ್ತಾನೆ. ಆಗುತ್ತದಾ?
– ಬದಿಯಡ್ಕದ ಓದುಗರು

ಉತ್ತರ: ಎರಡೂ ಆಗುವುದಿಲ್ಲ. ಮರಳು ತುಂಬಿದ ಟರ್ಫ್ ಒಮ್ಮೆ ಹಾಸಿದರೆ ಸುತ್ತಿ ಎತ್ತುವ ಭಾರ ಅಲ್ಲ. ಮೇಲೆ ಅಡಿಕೆ ಹರಗಿದರೆ ಅಡಿಯಿಂದ ಬಿಸಿಯೂ ಗಾಳಿಯೂ ಸಾಲದೆ ತೇವ ಉಳಿಯುತ್ತದೆ. ನಲವತ್ತು, ನಲವತ್ತೈದು ದಿನ ಒಣಗಬೇಕಾದ ಹಣ್ಣಡಿಕೆಗೆ ಬೂಸಲು ಬಂದರೆ ದರ ಎಷ್ಟು ಇಳಿಯುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಮನೆಗೆ ಅನ್ನ ಕೊಡುವ ಅಂಗಳ ಅದು, ಹಾಗೇ ಇರಲಿ.

ಮಗನ ಆಸೆಯನ್ನೂ ಕಡೆಗಣಿಸಬೇಡಿ. ಸಿಮೆಂಟಿನ ಮೇಲೆಯೇ ಶಟಲ್ ಕೋರ್ಟಿನ ಗೆರೆ ಪೇಂಟಿನಲ್ಲಿ ಎಳೆಸಿ. ಗೆರೆಯ ಅಗಲ 40 ಮಿಲಿಮೀಟರ್. ಮೂಲೆಯಿಂದ ಮೂಲೆಗೆ ಅಡ್ಡ ಅಳೆದರೆ 14.72 ಮೀಟರ್ ಬರಬೇಕು, ಎರಡು ಅಡ್ಡವೂ ಒಂದೇ ಇದ್ದರೆ ಮೂಲೆಗಳು ಸರಿಯಾಗಿವೆ. ಅಡಿಕೆಯ ಸಮಯ ಬಿಟ್ಟು ಉಳಿದ ದಿನ ಆಡಲಿ. ಪಾಚಿ ಕಟ್ಟಿದರೆ ಗಟ್ಟಿ ಬ್ರಷ್ ಹಾಕಿ ಉಜ್ಜದೆ ಇಳಿಯಬಾರದು. ಅಂಗಳದ ಬದಿಗೇ ತೋಟ ಇದ್ದರೆ ಬೋರ್ಡೋ (ಮೈಲುತುತ್ತು-ಸುಣ್ಣದ ಔಷಧ) ಹೊಡೆದ ದಿನ ಆಟ ಬೇಡ, ನೀರು ಬಿಟ್ಟು ತೊಳೆದ ಮೇಲೆ ಆಡಲಿ. ಅಂಗಳಕ್ಕೆ ವಾಲಿದ ತೆಂಗು ಇದ್ದರೆ ಕಾಯಿ ತೆಗೆಸಿಯೇ ಮಕ್ಕಳನ್ನು ಬಿಡಿ.

ಪ್ರಶ್ನೆ: ನಮ್ಮದು ಉಪ್ಪಳದಲ್ಲಿ ಕಡಲಿನ ಹತ್ತಿರದ ಹೊಯ್ಗೆ (ಮರಳು) ನೆಲ. ನೀರು ತಾನಾಗಿ ಇಂಗುತ್ತದೆ, ಜಲ್ಲಿ ಬೇಕಾಗಿಲ್ಲ, ನೇರ ಟರ್ಫ್ ಹಾಸಬಹುದು ಎನ್ನುತ್ತಾರೆ. ಸರಿಯಾ?
– ಉಪ್ಪಳದ ಓದುಗರು

ಉತ್ತರ: ನೀರು ಇಂಗುತ್ತದೆ ಎನ್ನುವುದು ನಿಜ. ಆದರೆ ಓಡುವ ಕಾಲಿನ ಅಡಿ ಹೊಯ್ಗೆ ಪಕ್ಕಕ್ಕೆ ಸರಿಯುತ್ತದೆ, ಕೆಲವೇ ತಿಂಗಳಲ್ಲಿ ಮೇಲೆ ಗುಂಡಿಗಳು ಕಾಣುತ್ತವೆ. ಮೊದಲು ಸುತ್ತ ಅಂಚು ಕಟ್ಟಿಸಿ. ಒಳಗೆ 15 ಸೆಂಟಿಮೀಟರ್ ತೆಗೆದು, ಹೊಯ್ಗೆಯನ್ನು ನೀರು ಹಾಕಿ ಒದ್ದೆ ಮಾಡಿ, ನಡುಗುವ ಪ್ಲೇಟ್ ಯಂತ್ರ ಓಡಿಸಿ. ಹೊಯ್ಗೆ ಗಟ್ಟಿಯಾಗುವುದು ನಡುಕದಿಂದ, ನೆಲ ಬಡಿಯುವ ದಿಮ್ಮಸಿನ ಪೆಟ್ಟಿನಿಂದ ಅಲ್ಲ. ಆಮೇಲೆ ಬಟ್ಟೆ, ಅದರ ಮೇಲೆ ಜಲ್ಲಿ.

ಜುಲೈಯಲ್ಲಿ ಒಂದು ಗುಂಡಿ ತೋಡಿ ನೀರು ಎಷ್ಟು ಆಳದಲ್ಲಿ ಸಿಗುತ್ತದೆ ಎಂದು ನೋಡಿ. ಎರಡು ಅಡಿಯೊಳಗೇ ಸಿಕ್ಕಿದರೆ, ನೀರು ಎರಡು ಅಡಿಗಿಂತ ಕೆಳಗೆ ಉಳಿಯುವಷ್ಟು ಜಾಗವನ್ನು ಎತ್ತರಿಸಬೇಕು. ಟರ್ಫಿಗೆ ತುಂಬಲು ಕಡಲ ಮರಳು ಬೇಡ. ಉಪ್ಪು, ಚಿಪ್ಪಿನ ಚೂರು ಎರಡೂ ಇರುತ್ತವೆ. ತೊಳೆದ, ಉರುಟು ಕಣದ ಸಿಲಿಕಾ ಮರಳು ಕೇಳಿ. ಕಂಬಕ್ಕೆ ಜಿಐ ಪೈಪು ಹಾಕಿಸಿ. ಬರೀ ಕಬ್ಬಿಣಕ್ಕೆ ಪೇಂಟ್ ಬಳಿದರೆ ನಿಮ್ಮ ಉಪ್ಪುಗಾಳಿಗೆ ತಡೆಯುವುದಿಲ್ಲ.

ಪ್ರಶ್ನೆ: ಕುಂಬಳೆಯ ಹತ್ತಿರ ನಮ್ಮದೊಂದು ಗದ್ದೆ ಕೆಲವು ವರ್ಷಗಳಿಂದ ಬೇಸಾಯವಿಲ್ಲದೆ ಹಡಿಲು ಬಿದ್ದಿದೆ. ಮಣ್ಣು ತುಂಬಿಸಿ ಟರ್ಫ್ ಮಾಡಿದರೆ ಊರ ಹುಡುಗರಿಗೆ ಆಗುತ್ತದೆ, ನಮಗೂ ಸ್ವಲ್ಪ ಬಾಡಿಗೆ ಬರುತ್ತದೆ. ತುಂಬಿಸಲು ಎಷ್ಟು ಲೋಡ್ ಬೇಕಾದೀತು?
– ಕುಂಬಳೆಯ ಓದುಗರು

ಉತ್ತರ: ಲೋಡಿನ ಲೆಕ್ಕ ನಾನು ಕೊಡುವುದಿಲ್ಲ. ಕೇರಳದಲ್ಲಿ 2008ರಿಂದ ಭತ್ತದ ಗದ್ದೆ ಮತ್ತು ಜೌಗು ಪ್ರದೇಶ ಕಾಪಾಡುವ ಕಾನೂನು ಇದೆ. ಗದ್ದೆ ತುಂಬಿಸುವುದು ಅಪರಾಧ. ಹಡಿಲು ಬಿದ್ದಿದೆ ಎನ್ನುವುದರಿಂದ ಅದು ಗದ್ದೆ ಅಲ್ಲ ಎಂದಾಗುವುದಿಲ್ಲ. ನಿಮ್ಮ ಜಾಗ ಗದ್ದೆಗಳ ಸರಕಾರಿ ಪಟ್ಟಿಯಾದ ಡೇಟಾ ಬ್ಯಾಂಕಿನಲ್ಲಿ ಇದೆಯಾ ಎಂದು ಕೃಷಿ ಭವನದಲ್ಲಿ ಕೇಳಿ, ದಾಖಲೆಯಲ್ಲಿ ಹೇಗೆ ಬರೆದಿದೆ ಎಂದು ಗ್ರಾಮ ಕಚೇರಿಯಲ್ಲಿ ನೋಡಿ. ಗುಡ್ಡದಿಂದ ಮಣ್ಣು ಕಡಿದು ಸಾಗಿಸಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಅನುಮತಿಯೂ ಬೇಕು. ಕಾನೂನು ಬದಿಗಿಟ್ಟರೂ ನಾನು ಬೇಡವೆಂದೇ ಹೇಳುವವಳು. ಮಳೆಗಾಲದಲ್ಲಿ ಬೈಲಿನ ನೀರು ನಿಲ್ಲುವುದು ಆ ಗದ್ದೆಯಲ್ಲಿ. ಅದನ್ನು ಎತ್ತರಿಸಿದರೆ ಆ ನೀರು ನೆರೆಯವರ ಮನೆಗೆ ಏರುತ್ತದೆ, ನಿಮ್ಮ ಕೆಳಗಿನ ಬಾವಿಗಳು ಬೇಸಿಗೆಯಲ್ಲಿ ಬೇಗ ಬತ್ತುತ್ತವೆ.

ಹುಡುಗರಿಗೆ ಆಟದ ಜಾಗ ಕೊಡುವ ಮನಸ್ಸು ದೊಡ್ಡದು, ಅದನ್ನು ಬಿಡಬೇಡಿ. ನೀರು ಇಳಿದು ಗದ್ದೆ ಒಣಗಿದ ಮೇಲೆ ಹುಲ್ಲು ಕೆತ್ತಿಸಿ, ಹೆಂಟೆ ಒಡೆಸಿ, ನೀರು ಚಿಮುಕಿಸಿ, ಸಣ್ಣ ರೋಲರ್ ಎಳೆಸಿದರೆ ಮೇ ತಿಂಗಳವರೆಗೆ ಚಂದದ ಅಂಕಣ ಆಗುತ್ತದೆ. ಗಂಡುಮಕ್ಕಳ ಕಬಡ್ಡಿಗೆ 13 ಮೀಟರಿಗೆ 10 ಮೀಟರ್, ಹೆಣ್ಣುಮಕ್ಕಳಿಗೆ 12ಕ್ಕೆ 8 ಸಾಕು. ಗದ್ದೆಗೆ ಕಾಂಕ್ರೀಟ್ ಸುರಿದು ನೆಟ್ ಕಂಬ ನೆಡಬೇಡಿ. ಹಳೆಯ ಲಾರಿ ಟಯರಿನೊಳಗೆ ಕಾಂಕ್ರೀಟ್ ತುಂಬಿ, ನಡುವೆ ಪೈಪು ನಿಲ್ಲಿಸಿ. ಪತ್ತನಾಜೆಗೆ ಅದನ್ನು ಉರುಳಿಸಿಕೊಂಡು ಹೋಗಿ ಕೊಟ್ಟಿಗೆಯಲ್ಲಿಟ್ಟರೆ ಗದ್ದೆ ಏಣಿಲು (ಮಳೆಗಾಲದ ಮೊದಲ) ಬೆಳೆಗೆ ತಯಾರಿರುತ್ತದೆ. ಉಳುವವರು ಸಿಗುವುದಿಲ್ಲ ಎಂದಿದ್ದರೆ ಹಡಿಲು ಗದ್ದೆಯನ್ನು ಬೇಸಾಯಕ್ಕೆ ವಹಿಸಿಕೊಳ್ಳುವ ಕುಟುಂಬಶ್ರೀ ಮಹಿಳಾ ಗುಂಪುಗಳ ಬಗ್ಗೆ ನಿಮ್ಮ ಪಂಚಾಯತಿನಲ್ಲಿ ವಿಚಾರಿಸಿ.